ತುತ್ತಿನೊಂದಿಗೆ ಪ್ಲಾಸ್ಟಿಕ್ ನುಂಗುತ್ತಿರುವ ನಾವು

2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲುಗಳ ತಪಾಸಣೆ ನಡೆಸಿದಾಗ ಐವತ್ತಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದುದು ಬಯಲಾಯಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕ್ರಮದ ಎಚ್ಚರಿಕೆ ನೀಡಿದರು. ನಾಲ್ಕು ದಿನ ಗದ್ದಲವಾಯಿತು. ಆಮೇಲೆ? ಮಾರತ್ತಹಳ್ಳಿಯ ಸೇತುವೆಯ ಬಳಿ ಒಮ್ಮೆ ನಿಂತು ನೋಡಿ. ಕುದಿಯುವ ಸಾಂಬಾರು ತೆಳು ಕವರಿಗೆ ಬೀಳುತ್ತದೆ. ಸುಡುವ ಚಹಾ ಕಾಗದದ ಲೋಟಕ್ಕೆ.

ಆ ಲೋಟ ಬರೀ ಕಾಗದದ್ದಲ್ಲ. ಅದರ ಒಳಮೈಗೆ ಪ್ಲಾಸ್ಟಿಕ್ಕಿನ ಲೇಪವಿದೆ. ಹದಿನೈದು ನಿಮಿಷ ಬಿಸಿ ದ್ರವವಿಟ್ಟರೆ 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಕಣಗಳು ಸೇರುತ್ತವೆಂದು ಖರಗ್‌ಪುರದ ಐಐಟಿ 2020ರಲ್ಲೇ ತಿಳಿಸಿತ್ತು. ಈ ಕಣಗಳು ಹೋಗುವುದೆಲ್ಲಿಗೆ? ಕರುಳಿನ ಉರಿಯೂತವಿರುವ ರೋಗಿಗಳ ಮಲದಲ್ಲಿ ಆರೋಗ್ಯವಂತರಿಗಿಂತ ಸುಮಾರು ಒಂದೂವರೆ ಪಟ್ಟು ಕಣಗಳನ್ನು ಚೀನಾದ ಸಂಶೋಧಕರು ಕಂಡರು. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ 2025ರ ಅಧ್ಯಯನದ ಪ್ರಕಾರ, 2016ರಲ್ಲಿ ಮೃತರಾದವರಿಗಿಂತ 2024ರಲ್ಲಿ ಮೃತರಾದವರ ಮೆದುಳಿನಲ್ಲಿ ಪ್ಲಾಸ್ಟಿಕ್ ಸುಮಾರು ಶೇ. 50ರಷ್ಟು ಅಧಿಕ. ಮರೆವಿನ ಕಾಯಿಲೆಯಿದ್ದವರಲ್ಲಿ ಇನ್ನೂ ಅಧಿಕ.

ಕಣಗಳಿಂದ ರೋಗ ಬಂತೋ, ರೋಗದಿಂದಾಗಿ ಕಣಗಳು ಉಳಿದವೋ ಎಂಬುದನ್ನು ವಿಜ್ಞಾನ ಇನ್ನೂ ತೀರ್ಮಾನಿಸಿಲ್ಲ, ನಿಜ. ಆದರೆ ಅಂತಿಮ ತೀರ್ಪು ಬರುವ ತನಕ ನಮ್ಮ ಮಕ್ಕಳ ಕರುಳು, ಮೆದುಳುಗಳೇ ಪ್ರಯೋಗಶಾಲೆಯಾಗಬೇಕೆ?

ಕರ್ನಾಟಕವು 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕವರು, ತಟ್ಟೆ, ಲೋಟಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. ಹಾಗಿದ್ದೂ ತಳ್ಳುಗಾಡಿಯವನ ಕೈಗೆ ಅವು ಬರುವುದು ಎಲ್ಲಿಂದ? ದಂಡದ ರಸೀದಿ ಹರಿಯುವುದು ಅವನ ಹೆಸರಿಗೆ. ತಯಾರಿಸುವವನ ಗೇಟಿನ ಮುಂದೆ ಕಾನೂನಿನ ಕಾಲು ಸೋಲುತ್ತದೆ. ಬಡವನ ಬೆನ್ನಿಗಷ್ಟೇ ಬೀಳುವ ಬೆತ್ತವನ್ನು ನ್ಯಾಯವೆನ್ನಲಾಗದು. ಸರಕಾರ ಮೊದಲು ಕಾರ್ಖಾನೆಯ ಬಾಗಿಲು ತಟ್ಟಲಿ.

ಹಾಗೆಂದು ನಾವು ನಿರಪರಾಧಿಗಳೇ? ಮಾಂಸ ಹಲಾಲೇ ಎಂದು ನೂರು ಬಾರಿ ವಿಚಾರಿಸುವ ನಾವು, ಅದನ್ನು ಬಡಿಸುವ ತಟ್ಟೆ ಯಾವುದೆಂದು ಕೇಳುವುದಿಲ್ಲ. ಆಹಾರವು ಹಲಾಲ್ ಆಗಿದ್ದರಷ್ಟೇ ಸಾಲದು, ತಯ್ಯಿಬ್, ಅಂದರೆ ಶುದ್ಧವೂ ಹಿತಕರವೂ ಆಗಿರಬೇಕೆಂಬ ಬೋಧನೆಯನ್ನು ವಲೀಮಾದ ಹಾಲ್‌ನಲ್ಲಿ, ಇಫ್ತಾರ್ ಕೂಟದಲ್ಲಿ ಮರೆಯುತ್ತೇವೆ. ತೊಳೆಯುವ ಸ್ಟೀಲ್ ತಟ್ಟೆ, ಬಾಳೆಲೆ, ಪಾರ್ಸೆಲಿಗೆ ಮನೆಯಿಂದ ಒಯ್ಯುವ ಡಬ್ಬಿ ಇವುಗಳಿಗೆ ಯಾವ ಸಂಶೋಧನೆಯ ಅಪ್ಪಣೆಯೂ ಬೇಕಿಲ್ಲ. ತೊಳೆಯುವ ಶ್ರಮಕ್ಕೆ ಅಂಜಿ ಆರೋಗ್ಯವನ್ನು ಮಾರಿಕೊಂಡರೆ ನಾಳೆ ಯಾರನ್ನು ದೂರೋಣ?