ಕಲ್ಲು ಓದುತ್ತೇವೆ, ಫ್ಲಾಪಿ ಓದಲಾರೆವು!

ಕನ್ನಡದ ಹುಡುಗರೇ, ಶ್ರವಣಬೆಳಗೊಳಕ್ಕೆ ನೀವೆಲ್ಲ ಹೋಗಿಯೇ ಇರುತ್ತೀರಿ. ಬೆಂಗಳೂರಿನಿಂದ ಬೈಕಿನಲ್ಲಿ ಹೊರಟು ಹಿರೀಸಾವೆಯಲ್ಲಿ ಹೆದ್ದಾರಿ ಬಿಟ್ಟು, ಬರಿಗಾಲಲ್ಲಿ ದೊಡ್ಡಬೆಟ್ಟ ಹತ್ತಿ, ಗೊಮ್ಮಟನ ಮುಂದೆ ಫೋಟೋ ಹೊಡೆಸಿಕೊಂಡು ಇಳಿದಿರುತ್ತೀರಿ. ಅವನ ಪಾದದ ಪಕ್ಕದಲ್ಲಿ ಕೊರೆದಿರುವ ಅಕ್ಷರಗಳನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಈ ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯ ಎಂದು ಅಲ್ಲಿ ಕನ್ನಡದಲ್ಲಿದೆ. ಹಳೆಯ ಲಿಪಿ ಕಲಿತ ಯಾವ ಹುಡುಗನೂ ಅದನ್ನು ಇವತ್ತಿಗೂ ಓದಬಲ್ಲ.

ಈಗ ಬೆಟ್ಟ ಇಳಿದು ಚನ್ನರಾಯಪಟ್ಟಣಕ್ಕೋ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಹೋಗಿ. ಹಳೆಯದೊಂದು ಪ್ರೆಸ್ ಹುಡುಕಿ, ಅಟ್ಟದ ಮೇಲೆ ಫ್ಲಾಪಿ ಡಬ್ಬ ಇದೆಯಾ ಎಂದು ಕೇಳಿ. 1993ರ ಡಿಸೆಂಬರಿನಲ್ಲಿ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ನಡೆಯಿತಲ್ಲ, ಮೊಳೆ ಜೋಡಿಸುವ ಕೆಲಸ ಬಿಟ್ಟು ನಮ್ಮ ಊರುಗಳ ಪ್ರೆಸ್ಸುಗಳು ಕಂಪ್ಯೂಟರಿಗೆ ಹೊರಳುತ್ತಿದ್ದುದು ಆ ಕಾಲದಲ್ಲೇ. ಸ್ಮರಣ ಸಂಚಿಕೆ, ಪ್ರಬಂಧ, ಸಣ್ಣ ಪತ್ರಿಕೆ, ಮದುವೆ ಕರೆಯೋಲೆ ಎಲ್ಲವೂ ಫ್ಲಾಪಿಗೆ ಹೋದವು. ಆ ಫ್ಲಾಪಿ ತಂದು ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಓದಿ ನೋಡೋಣ! ಸಾವಿರ ವರ್ಷದ ಕನ್ನಡ ಓದಲು ಬರುತ್ತದೆ. ಮೂವತ್ತು ವರ್ಷದ ಕನ್ನಡ ಓದಲು ಬರುವುದಿಲ್ಲ!

ಯಾಕೆ? ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳುವುದಿಲ್ಲ, ಸಂಖ್ಯೆ ಇಟ್ಟುಕೊಳ್ಳುತ್ತದೆ. ‘ಕ’ಕ್ಕೆ ಯಾವ ಸಂಖ್ಯೆ ಎಂದು ಎಲ್ಲರೂ ಒಪ್ಪಿದ್ದರೆ ತಕರಾರಿರುತ್ತಿರಲಿಲ್ಲ. 1991ರಲ್ಲೇ ಭಾರತದ ಇಸ್ಕಿ ಮಾನಕ ಬಂತು, ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡ ಇತ್ತು. ಆದರೆ ಡಿಟಿಪಿ ತಂತ್ರಾಂಶ ಮಾರುವವರು ಒಬ್ಬೊಬ್ಬರೂ ತಮ್ಮದೇ ಲೆಕ್ಕ ಹೂಡಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಿದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅಪ್ಪಟ ಇಂಗ್ಲಿಷ್ ಕಸ! ಸಾಲದ್ದಕ್ಕೆ ಎಷ್ಟೋ ತಂತ್ರಾಂಶಗಳು ಯಂತ್ರದ ಹಿಂಬದಿಗೆ ಸಿಕ್ಕಿಸುವ ಡಾಂಗಲ್ ಎಂಬ ಬೀಗ ಇದ್ದರೆ ಮಾತ್ರ ಏಳುತ್ತಿದ್ದವು. ಬೀಗ ಕಳೆದುಹೋದರೆ ಕನ್ನಡವೂ ಹೋಯಿತು. ಇನ್ನು ವಿಂಡೋಸ್ 11, ಡಾಸ್ ಕಾಲದ ಪ್ರೋಗ್ರಾಮುಗಳನ್ನು ಹೊಸಿಲೊಳಗೇ ಬಿಟ್ಟುಕೊಳ್ಳುವುದಿಲ್ಲ.

ಈ ಕಾಯಿಲೆಗೆ ಮದ್ದು ಇದೆ. ಅದರ ಹೆಸರು ಎಮ್ಯುಲೇಟರ್. ಹೊಸ ಯಂತ್ರದ ಹೊಟ್ಟೆಯೊಳಗೆ ಹಳೆಯ ಯಂತ್ರದ ವೇಷ ಹಾಕಿ ಕುಣಿಯುವ ತಂತ್ರಾಂಶ ಅದು. ಪ್ರೊಸೆಸರ್, ಪರದೆ, ಡಿಸ್ಕ್ ಎಲ್ಲವನ್ನೂ ಅದು ನಟಿಸುತ್ತದೆ, ತಾನು ಓಡುತ್ತಿರುವುದು ಹಳೆಯ ಪೆಟ್ಟಿಗೆಯಲ್ಲೇ ಎಂದು ಹಳೆಯ ಪ್ರೋಗ್ರಾಮು ನಂಬುತ್ತದೆ. ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ಬಾಬ್ ಸುಪ್ನಿಕ್ 1993ರಲ್ಲಿ ಸಿಮ್‌ಎಚ್ ಎಂಬುದನ್ನು ಶುರು ಮಾಡಿದ. ಅದರಿಂದಾಗಿ ಕೋಣೆ ತುಂಬುತ್ತಿದ್ದ ಹಳೆಯ ಯಂತ್ರಗಳು ಇವತ್ತು ಅಂಗೈಯಗಲದ ಬೋರ್ಡಿನ ಮೇಲೆ ಓಡುತ್ತವೆ. ಅಷ್ಟಕ್ಕೇ ನಿಲ್ಲಲಿಲ್ಲ. ಹೆಕ್‌ನೆಟ್ ಎಂಬ ಜಾಲದಲ್ಲಿ ನಾನಾ ದೇಶಗಳ ಹವ್ಯಾಸಿಗಳು ಇಂಥ ಯಂತ್ರಗಳನ್ನು, ಕೆಲವು ನಿಜದವು, ಕೆಲವು ವೇಷದವು, ಆ ಕಾಲದ ಡೆಕ್‌ನೆಟ್ ಭಾಷೆಯಲ್ಲೇ ಒಂದಕ್ಕೊಂದು ಮಾತಾಡಿಸುತ್ತಾರೆ. ಸಂಬಳವಿಲ್ಲ, ಸನ್ಮಾನವಿಲ್ಲ. 2002ರಲ್ಲಿ ಬಂದ ಡಾಸ್‌ಬಾಕ್ಸ್ ಅಂತೂ ಮನೆಮನೆಯ ಪಿಸಿಯನ್ನೇ ಉಳಿಸಿಕೊಟ್ಟಿತು. ಅದರಲ್ಲಿ ಎರಡು ಊರಿನ ಹುಡುಗರು ಇಂಟರ್‌ನೆಟ್ ಮೇಲೆ ಹಳೆಯ ಐಪಿಎಕ್ಸ್ ಜಾಲ ಕಟ್ಟಿಕೊಂಡು ‘ಡೂಮ್’ ಆಡಬಹುದು. ನಿಮ್ಮಲ್ಲೇ ಕೆಲವರು ಆಡಿರುತ್ತೀರಿ, ಬಿಡಿ!

ಇಲ್ಲೇ ನಮ್ಮ ಮುಖಕ್ಕೆ ಹೊಡೆಯುವ ವಿಷಯ ಇರುವುದು. ಡಾಸ್‌ಬಾಕ್ಸಿನಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡಿನ ನಟನೆ ಇದೆ. ಯಾಕೆಂದರೆ ಆಟದ ಸದ್ದನ್ನು ಪ್ರೀತಿಸಿದವರು ಕೂತು ಬರೆದರು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಗೊತ್ತೇ? ಪಿಸಿಯೊಳಗೆ ಸಿಕ್ಕಿಸಿದರೆ ಡಾಸ್ ಪರದೆಯ ಮೇಲೆ ಕನ್ನಡವೂ ಸೇರಿ ಭಾರತದ ಲಿಪಿಗಳನ್ನು ಮೂಡಿಸುತ್ತಿದ್ದ ಕಾರ್ಡು. ಅದು ಡಾಸ್‌ಬಾಕ್ಸಿನಲ್ಲಿ ಇಲ್ಲ. ಸ್ವೀಡನ್ನಿನವನು ಬಂದು ಅದನ್ನು ಮಾಡಿಕೊಡಲಿ ಎಂದು ಕಾಯುತ್ತೀರಾ? ಅವನಿಗೇನು ಬಿದ್ದಿದೆ! ಬೋರ್ಡಿಗೆ ಮಸಿ ಬಳಿಯಲು ನಮ್ಮಲ್ಲಿ ನೂರು ಜನ ಬರುತ್ತಾರೆ, ಬೇಡ ಎನ್ನುವುದಿಲ್ಲ. ಈ ಕೆಲಸಕ್ಕೆ ಹತ್ತು ಜನ ಸಾಕು, ಆದರೆ ಆ ಹತ್ತು ಜನ ಕನ್ನಡ ಬಲ್ಲವರೇ ಆಗಿರಬೇಕು.

ದಾರಿ ತೋರಿದವರು ನಮ್ಮಲ್ಲೇ ಇದ್ದಾರೆ. ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎನ್ನುವವರು, ಕನ್ನಡವನ್ನು ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರೇ ಕೀಲಿಗಳಲ್ಲಿ ಕೂರಿಸಿದರು. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಪುಕ್ಕಟೆ ಹಂಚಿದರು. ನೀವು ಇವತ್ತು ‘ನುಡಿ’ಯಲ್ಲಿ ಬೆರಳಾಡಿಸುವ ವಿನ್ಯಾಸದ ಬೇರು ಅದೇ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಅದನ್ನೂ ಬೆಳಗೊಳವೇ ಹೇಳುತ್ತದೆ. ಬಿ.ಎಲ್. ರೈಸ್ 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು 500ಕ್ಕೆ ಏರಿಸಿದರು. ಶಾಸನ ಓದುವವರು ಮೊದಲು ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆಯುತ್ತಾರೆ, ಅರ್ಥ ಬಿಡಿಸುವುದು ಆಮೇಲೆ. ಫ್ಲಾಪಿಗೂ ಅಷ್ಟೇ. ಮೊದಲು ಅದರ ಪಡಿಯಚ್ಚು, ಅಂದರೆ ಡಿಸ್ಕ್ ಇಮೇಜ್ ತೆಗೆಯಿರಿ. ಮೂರೂವರೆ ಇಂಚಿನದಕ್ಕೆ ಯುಎಸ್‌ಬಿ ಡ್ರೈವ್ ಸಾಕು. ಐದೂಕಾಲು ಇಂಚಿನದಕ್ಕೆ ಹಳೆಯ ಡ್ರೈವ್ ಜೊತೆಗೆ ಗ್ರೀಸ್‌ವೀಜಲ್ ಎಂಬ ಸಣ್ಣ ಬೋರ್ಡು ಬೇಕು. ಬೂಷ್ಟು ಹಿಡಿದ ಫ್ಲಾಪಿಯನ್ನು ಒರೆಸದೆ ಹಾಕಬೇಡಿ, ಡ್ರೈವೂ ಹಾಳಾಗುತ್ತದೆ. ಆ ಇಮೇಜನ್ನು ಎಮ್ಯುಲೇಟರಿಗೆ ಕೊಟ್ಟು ಅಂದಿನ ತಂತ್ರಾಂಶದಲ್ಲೇ ಕಡತ ತೆರೆದು, ಯಾವ ಸಂಖ್ಯೆಗೆ ಯಾವ ಅಕ್ಷರದ ತುಂಡು ಎಂದು ಪಟ್ಟಿ ಮಾಡಿ. ಪಟ್ಟಿ ಸಿಕ್ಕಿತೆಂದರೆ ಯೂನಿಕೋಡಿಗೆ ತರುವುದು ಇಂಜಿನಿಯರಿಂಗ್ ಕಾಲೇಜಿನ ಹುಡುಗಿಯೊಬ್ಬಳ ರಜೆಯ ಕೆಲಸ.

ತಂತ್ರಾಂಶದ ಒಡೆಯರಿಗೂ ಒಂದು ಮಾತು. 2002ರ ಜನವರಿಯಲ್ಲಿ ಕ್ಯಾಲ್ಡೆರಾ ಕಂಪನಿ ಹಳೆಯ ಯೂನಿಕ್ಸ್ ಆವೃತ್ತಿಗಳನ್ನು ಮುಕ್ತ ಪರವಾನಗಿಯಲ್ಲಿ ಜಗತ್ತಿಗೆ ಬಿಟ್ಟುಕೊಟ್ಟಿತು. ಅದರಿಂದ ಕಂಪನಿಯೇನೂ ಬಡವಾಗಲಿಲ್ಲ. ನೀವು ಮಾರುವುದನ್ನೇ ನಿಲ್ಲಿಸಿರುವ ಡಾಸ್ ಕಾಲದ ಕನ್ನಡ ತಂತ್ರಾಂಶಕ್ಕೆ ಬೀಗ ಇನ್ನೂ ಯಾಕೆ? ಮೂಲ ಬೇಡ, ಅಕ್ಷರ ಸಂಕೇತದ ಪಟ್ಟಿಯನ್ನಾದರೂ ಕೊಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಅವರನ್ನೆಲ್ಲ ಒಂದು ದಿನ ಕೂರಿಸಿ ಆ ಪಟ್ಟಿಗಳನ್ನು ಕೇಳಿ ಪಡೆದು ಅಚ್ಚು ಹಾಕಲಿ. ಉತ್ಸವದ ಒಂದು ಶಾಮಿಯಾನದ ಖರ್ಚೂ ಆಗುವುದಿಲ್ಲ.

ಅಲ್ಲಿಯವರೆಗೆ ನೀವು ಕಾಯಬೇಡಿ. ಸೋನಿ ಕಂಪನಿ 2011ರಲ್ಲೇ ಫ್ಲಾಪಿ ಮಾರುವುದನ್ನು ನಿಲ್ಲಿಸಿತು. ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಬ್ಯಾಗಿನಲ್ಲಿ ಒಂದು ಯುಎಸ್‌ಬಿ ಡ್ರೈವ್ ಇರಲಿ. ವಾಪಸ್ ಬರುವಾಗ ಚನ್ನರಾಯಪಟ್ಟಣದಲ್ಲಿ ಇಳಿದು, ಹಳೆಯ ಪ್ರೆಸ್ಸಿನ ಯಜಮಾನರಿಗೆ ನಮಸ್ಕಾರ ಹೇಳಿ, ಆ ಡಬ್ಬವನ್ನು ಗುಜರಿಗೆ ಹಾಕುವ ಮೊದಲು ಒಂದು ಗಂಟೆ ಕೊಡಿ ಎಂದು ಕೇಳಿ.