ಗೇಟಿಲ್ಲದ ಮನೆಯ ನಾಯಿ

2025ರ ಜುಲೈನಲ್ಲಿ ಆಗಿನ ಬೆಂಗಳೂರು ಮಹಾನಗರ ಪಾಲಿಕೆ ಬಿಬಿಎಂಪಿ, ಬೀದಿನಾಯಿಗಳಿಗೆ ಕೋಳಿಮಾಂಸ ಬೆರೆಸಿದ ಅನ್ನ ಹಾಕಲು ಟೆಂಡರ್ ಕರೆಯಿತು. ಮನುಷ್ಯರಿಗೇ ಅನ್ನವಿಲ್ಲದ ಊರಿನಲ್ಲಿ ನಾಯಿಗೆ ಚಿಕನ್ನೇ ಎಂದು ದೊಡ್ಡ ಗದ್ದಲವೆದ್ದಿತು. ನಾಯಿಗೆ ಬೀದಿಯಲ್ಲಿ ಜಾಗವೇ ಇರಬಾರದು, ಆಶ್ರಯಕೇಂದ್ರಕ್ಕೆ ಸಾಗಿಸಬೇಕು ಎಂದು ತಮಿಳುನಾಡಿನ ಶಿವಗಂಗಾ ಸಂಸದ ಕಾರ್ತಿ ಚಿದಂಬರಂ ಹೇಳಿದರು. ಬಡವರ ಹೆಸರು ಹೇಳಿಕೊಂಡು ನಡೆದ ಆ ಚರ್ಚೆಯಲ್ಲಿ ಬಡವರ ಮನೆಯ ನಾಯಿಯ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಮೊದಲು ಲೆಕ್ಕ ನೋಡೋಣ. ಯೋಜನೆಯ ಮೊತ್ತ ವರ್ಷಕ್ಕೆ 2.88 ಕೋಟಿ ರೂಪಾಯಿ, ಎಂಟು ವಲಯಗಳಿಗೆ ತಲಾ 36 ಲಕ್ಷ. ಒಂದು ನಾಯಿಗೆ ದಿನಕ್ಕೆ 22 ರೂಪಾಯಿ 42 ಪೈಸೆ. ಭಾಗಿಸಿ ನೋಡಿದರೆ ಒಂದು ವಲಯದಲ್ಲಿ ಸುಮಾರು 440 ನಾಯಿಗಳಿಗೆ ದಿನಕ್ಕೊಂದು ಊಟ. ಪಾಲಿಕೆ 2023ರಲ್ಲಿ ನಡೆಸಿದ ಗಣತಿಯಲ್ಲಿ ಬೊಮ್ಮನಹಳ್ಳಿ ವಲಯ ಒಂದರಲ್ಲೇ ಇದ್ದ ಬೀದಿನಾಯಿಗಳು 39,183. ನೂರು ನಾಯಿಗಳಲ್ಲಿ ಒಂದರ ಹೊಟ್ಟೆಗೆ ಮಾತ್ರ ಈ ಅನ್ನ. ಪಾಲಿಕೆಯ ಆ ವರ್ಷದ ಬಜೆಟ್ 19,927 ಕೋಟಿ. ಸಾವಿರ ರೂಪಾಯಿಯಲ್ಲಿ ಹದಿನಾಲ್ಕು ಪೈಸೆ ನಾಯಿಗೆ ಹೋಗುತ್ತದೆಂದು ಸಿಟ್ಟಾದವರು, ಮಿಕ್ಕ ದುಡ್ಡಿನಲ್ಲಿ ಬಡವರ ತಟ್ಟೆಗೆ ಎಷ್ಟು ಬಿತ್ತೆಂದು ಕೇಳಲಿಲ್ಲ.

ಹಾಗಾದರೆ ಉಳಿದ ತೊಂಬತ್ತೊಂಬತ್ತು ನಾಯಿಗಳು ಯಾರ ಅನ್ನ ತಿಂದು ಬದುಕಿವೆ? ಬೊಮ್ಮನಹಳ್ಳಿಯ ಮಂಗಮ್ಮನಪಾಳ್ಯಕ್ಕೋ ಗಾರ್ವೇಭಾವಿಪಾಳ್ಯಕ್ಕೋ ಹೊಂಗಸಂದ್ರದ ಒಳಗಲ್ಲಿಗಳಿಗೋ ಸಂಜೆ ಏಳರ ಮೇಲೆ ಹೋಗಿ ನೋಡಿ. ಗಾರ್ಮೆಂಟ್ಸ್‌ನಿಂದ ಬಂದ ಹೆಂಗಸರು, ಅಪಾರ್ಟ್‌ಮೆಂಟುಗಳಲ್ಲಿ ಕಸ ಗುಡಿಸಿ ಬಂದವರು, ಗಾರೆ ಕೆಲಸ ಮುಗಿಸಿ ಬಂದವರು ಬೇಯಿಸಿದ್ದರಲ್ಲಿ ಒಂದು ಪಾಲು ಬಾಗಿಲ ಹೊರಗೆ ಬೀಳುತ್ತದೆ. ಕೋಳಿ ಅಂಗಡಿಯಲ್ಲಿ ಕಡಿಮೆ ಕಾಸಿಗೆ ಸಿಗುವ ಕಾಲು, ಚರ್ಮ ತಂದು ನುಚ್ಚಿನ ಜತೆ ಬೇಯಿಸಿ ಹಾಕುವವರಿದ್ದಾರೆ. ಸಾರು ಅನ್ನ ಮಿಕ್ಕರೆ ಅದೇ. ಮಿಗದಿದ್ದ ದಿನ ಮನೆಯವರಂತೆ ನಾಯಿಯೂ ಅರೆಹೊಟ್ಟೆ. ಒಂದೇ ಪಾತ್ರೆಯ ಅನ್ನ ಉಣ್ಣುವವರ ನಡುವೆ ಯಾರು ಮೊದಲು, ಯಾರು ಆಮೇಲೆ ಎಂಬ ಜಗಳ ಹಚ್ಚುವುದು ಹೊಟ್ಟೆ ತುಂಬಿದವರ ಕೆಲಸ.

ಶೀಟಿನ ಮನೆಗೆ ಗಟ್ಟಿ ಬಾಗಿಲಿರುವುದಿಲ್ಲ. ತಾಯಿ ಕೆಲಸಕ್ಕೆ ಹೋದಾಗ ಮಕ್ಕಳ ಜತೆಗಿರುವುದು ಆ ನಾಯಿ, ರಾತ್ರಿ ಗಲ್ಲಿಗೆ ಹೊಸಬ ಬಂದರೆ ಬೊಗಳುವುದೂ ಅದೇ. ಇಂಥವರಿಗೆ ನಾಯಿ ಸಾಕುವುದು ಶೋಕಿ ಎನ್ನುವ ಮಾತು ನನಗೆ ಸಹಿಸಲಾಗದು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯುವ ನಿಯಮದ ಬದಲಾವಣೆ ವಿರೋಧಿಸಿ ಇದೇ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲಿ ಕೂತು ಸಂಚಾರ ನಿಲ್ಲಿಸಿದರು, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆದೇಶ ವಾಪಸ್ ಪಡೆಯಿತು. ತಮಗೆ ಯಾವುದು ಮುಖ್ಯ ಎಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇನ್ನು ಹೊಸೂರು ರಸ್ತೆಯ ಕಂಪನಿಗಳ ವಿಚಾರ. ಉದ್ಯೋಗಿಗಳು ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಒಂದು ಶನಿವಾರ ನಾಯಿ ಆಹಾರದ ಪ್ಯಾಕೆಟ್ ಹಂಚುವ ಕಾರ್ಯಕ್ರಮಗಳು ನಗರದಲ್ಲಿ ನಡೆಯುತ್ತವೆ. ಬರುವ ಹುಡುಗ ಹುಡುಗಿಯರ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಕಿಲೋಗೆ ಇನ್ನೂರು ರೂಪಾಯಿ ದಾಟುವ ಆ ಕಾಳು ಒಂದು ವಾರದಲ್ಲಿ ಮುಗಿಯುತ್ತದೆ. ಅನ್ನ ತಿಂದು ಬೆಳೆದ ನಾಯಿಗೆ ಏಕಾಏಕಿ ಊಟ ಬದಲಾದರೆ ಹೊಟ್ಟೆ ಕೆಡುತ್ತದೆ. ಮುಗಿದ ಮೇಲೆ ಇನ್ನೊಂದು ಪ್ಯಾಕೆಟ್ ಕೊಳ್ಳಲು ಅದಕ್ಕೆ ಅನ್ನ ಹಾಕುವ ಮನೆಗೆ ಆಗುವುದಿಲ್ಲ. ಅದೇ ದುಡ್ಡಿಗೆ ನುಚ್ಚು, ಮೊಟ್ಟೆ, ಒಂದಿಷ್ಟು ಎಣ್ಣೆ ಮನೆಗೇ ಕೊಟ್ಟರೆ ಮಕ್ಕಳೂ ಉಣ್ಣುತ್ತಾರೆ, ನಾಯಿಯೂ ಉಣ್ಣುತ್ತದೆ. ನಾಯಿಗೆಂದು ಕೊಟ್ಟದ್ದನ್ನು ಮನುಷ್ಯರು ತಿಂದಾರು ಎಂದು ಹೆದರುವ ಕೊಡುಗೆ ನನ್ನ ಮಟ್ಟಿಗೆ ಕೊಡುಗೆಯೇ ಅಲ್ಲ.

ಕಾನೂನು ಕೂಡ ಇಲ್ಲಿ ಕಂಪನಿಗಳಿಂದ ಇದಕ್ಕಿಂತ ಹೆಚ್ಚು ಕೇಳುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ತಾವಿರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಏಳನೇ ಶೆಡ್ಯೂಲಿನಲ್ಲಿ ಹಸಿವು ನಿವಾರಣೆಯೂ ಇದೆ, ಪ್ರಾಣಿ ಕಲ್ಯಾಣವೂ ಇದೆ. ಉದ್ಯೋಗಿಗಳು ದುಡಿದ ಗಂಟೆಗಳಿಗೆ ಬೆಲೆ ಕಟ್ಟಿ ಆ ಖರ್ಚಿನ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮ್ಯಾರಥಾನ್‌ನಂಥ ಒಂದು ದಿನದ ಕಾರ್ಯಕ್ರಮಗಳು ಲೆಕ್ಕಕ್ಕಿಲ್ಲ ಎಂದು 2014ರಲ್ಲೇ ಹೇಳಿತ್ತು. ಆದ್ದರಿಂದ ಶನಿವಾರದ ಫೋಟೊ ತೋರಿಸಿ ಬೊಮ್ಮನಹಳ್ಳಿಯ ಋಣ ತೀರಿತು ಎನ್ನಲಾಗದು. ಉದ್ಯೋಗಿಯ ಸಮಯ ಉದ್ಯೋಗಿಯ ಔದಾರ್ಯ. ಕಂಪನಿಯ ಹಣ ಬೇರೆಯೇ ಬರಬೇಕು, ವರ್ಷವಿಡೀ ಬರಬೇಕು.

ನನ್ನ ದೊಡ್ಡ ಆಕ್ಷೇಪವಿರುವುದು ನಮ್ಮ ನಿಯಮಗಳ ಮೇಲೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್‌ನ ತ್ರಿಸದಸ್ಯ ಪೀಠ, ದೆಹಲಿಯ ಬೀದಿನಾಯಿಗಳ ಬಗ್ಗೆ ಹನ್ನೊಂದು ದಿನ ಹಿಂದೆ ಹೊರಬಿದ್ದ ಆದೇಶವನ್ನು ಮಾರ್ಪಡಿಸಿ, ಸಂತಾನಹರಣ ಮಾಡಿಸಿ ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ರೇಬಿಸ್ ತಗುಲಿದ ಅಥವಾ ಆಕ್ರಮಣ ಮಾಡುವ ನಾಯಿಗಳಿಗೆ ಈ ವಿನಾಯಿತಿ ಇಲ್ಲ. ಅದು ಸರಿಯಾದ ತೀರ್ಮಾನ. ಆದರೆ ಅದೇ ಆದೇಶ ಬೀದಿಯಲ್ಲಿ ಆಹಾರ ಹಾಕುವುದನ್ನು ನಿಷೇಧಿಸಿತು, ವಾರ್ಡ್‌ವಾರು ಗುರುತಿಸಿದ ಸ್ಥಳದಲ್ಲೇ ಹಾಕಬೇಕು, ತಪ್ಪಿದರೆ ಕ್ರಮ ಎಂದಿತು. ಜಯನಗರದಲ್ಲಿ ಕಾಂಪೌಂಡ್ ಇರುವ ಮನೆಯವರು ಗೇಟಿನೊಳಗೆ ತಟ್ಟೆ ಇಟ್ಟರೆ ಅದು ಸಾಕುನಾಯಿಯ ಊಟ. ಮಂಗಮ್ಮನಪಾಳ್ಯದ ಮನೆಯ ಹೊಸಿಲು ದಾಟಿದರೆ ಬೀದಿ. ಅಲ್ಲಿನ ಹೆಂಗಸು ತನ್ನ ಬಾಗಿಲಲ್ಲೇ ಹಾಕಿದರೂ ಅದು ಬೀದಿಯಲ್ಲಿ ಹಾಕಿದಂತೆ. ನಾಯಿ ನನ್ನದೇ ಎಂದು ಆಕೆ ಹೇಳಿದರೆ, 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಲಸಿಕೆ, ಶಸ್ತ್ರಚಿಕಿತ್ಸೆ, ಜತೆಗೆ ಪಾಲಿಕೆಯ ಲೈಸೆನ್ಸ್ ಎಲ್ಲವೂ ಆಕೆಯ ತಲೆಗೆ. ನನ್ನದು ಎಂದರೆ ಖರ್ಚು, ನನ್ನದಲ್ಲ ಎಂದರೆ ತಪ್ಪು. ಕೋರ್ಟಿನ ಮುಂದೆ ಹೋದ ಶ್ವಾನಪ್ರಿಯರು ತಲಾ 25 ಸಾವಿರ, ಸಂಘಟನೆಗಳು 2 ಲಕ್ಷ ರೂಪಾಯಿ ಠೇವಣಿ ಇಡಬೇಕೆಂದೂ ಆದೇಶದಲ್ಲಿತ್ತು. ಗಾರ್ಮೆಂಟ್ಸ್ ಕೆಲಸಗಾರ್ತಿಯ ಒಂದು ತಿಂಗಳ ಸಂಬಳಕ್ಕಿಂತ ಅದು ಹೆಚ್ಚು. ಆಕೆಯ ಮಾತು ಅಲ್ಲಿಗೆ ಮುಟ್ಟುವುದಾದರೂ ಹೇಗೆ?

ನಾಯಿ ಕಚ್ಚುವುದಿಲ್ಲವೇ ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ಕಚ್ಚುತ್ತದೆ, ಮತ್ತು ಹೆಚ್ಚು ಕಚ್ಚಿಸಿಕೊಳ್ಳುವುದು ಬೀದಿಯಲ್ಲಿ ಆಡುವ ಬಡವರ ಮಕ್ಕಳೇ. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದರು. ಆಗ ಸಿಟ್ಟಿನಲ್ಲಿ ನಾಯಿಗಳನ್ನು ಹಿಡಿಹಿಡಿದು ಕೊಂದರು. ಹದಿನಾರು ವರ್ಷದ ಮೇಲೆ ಎಣಿಸಿದಾಗ ನಗರದಲ್ಲಿ 2,79,335 ನಾಯಿಗಳಿದ್ದವು. ಕೊಲ್ಲುವುದರಿಂದ ಮಕ್ಕಳಿಗೆ ರಕ್ಷಣೆ ಸಿಗಲಿಲ್ಲ. ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲಸಿಕೆ ಹಾಕಲು ನಾಯಿ ಕೈಗೆ ಸಿಗಬೇಕು. ಯಾರು ಅನ್ನ ಹಾಕುತ್ತಾರೋ ಅವರ ಕೈಗೆ ಅದು ಸುಲಭವಾಗಿ ಸಿಗುತ್ತದೆ. ದಿನಾ ಅನ್ನ ಹಾಕುವ ಆ ಹೆಂಗಸನ್ನು ಹೆದರಿಸಿ ದೂರ ಮಾಡಿದರೆ ಲಸಿಕೆಯ ಕೆಲಸವೇ ಕೆಡುತ್ತದೆ.

ಸ್ವಯಂಸೇವಕರಿಗೆ ಇಲ್ಲಿಯೇ ನಿಜವಾದ ಕೆಲಸವಿದೆ. ಗಾರ್ಮೆಂಟ್ಸ್‌ಗೆ ಹೋಗುವವರು ನಾಯಿಗೆ ಚುಚ್ಚುಮದ್ದು ಹಾಕಿಸಲು ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ. ಭಾನುವಾರ ಪಶುವೈದ್ಯರೊಬ್ಬರನ್ನು ಕರೆದುಕೊಂಡು ನೀವೇ ವಠಾರಕ್ಕೆ ಬನ್ನಿ. ಯಾವ ನಾಯಿಗೆ ಯಾರು ಊಟ ಹಾಕುತ್ತಾರೆ, ಲಸಿಕೆ ಯಾವಾಗ ಬಿತ್ತು, ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಬರೆದಿಡಿ. ಮುಂದಿನ ತಿಂಗಳು ಮತ್ತೆ ಬನ್ನಿ. ಶಸ್ತ್ರಚಿಕಿತ್ಸೆಯ ದಿನ ನಾಯಿಯನ್ನು ಒಯ್ದು ಕರೆತರುವ ಗಾಡಿಯ ಖರ್ಚು, ಮನೆಗೆ ನುಚ್ಚು ಮೊಟ್ಟೆಯ ಖರ್ಚು ಕಂಪನಿ ಹೊರಲಿ.

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ, ಬೊಮ್ಮನಹಳ್ಳಿ ಈಗ ಬೆಂಗಳೂರು ದಕ್ಷಿಣ ನಗರ ಪಾಲಿಕೆಗೆ ಸೇರಿದೆ. ಹೊಸ ಪಾಲಿಕೆ ಆಹಾರ ಹಾಕುವ ಸ್ಥಳಗಳ ಪಟ್ಟಿ ಮಾಡುವಾಗ ಪಾರ್ಕಿನ ಮೂಲೆ, ರಾಜಕಾಲುವೆಯ ಅಂಚುಗಳನ್ನಷ್ಟೇ ಬರೆಯಬಾರದು. ವಠಾರದವರನ್ನು ಕೇಳಿ, ಅವರು ಒಪ್ಪಿ ತೋರಿಸುವ ಜಾಗವನ್ನು, ಅಲ್ಲಿ ಊಟ ಹಾಕುವವರ ಹೆಸರಿನ ಸಮೇತ ಸೇರಿಸಬೇಕು. ಅವರ ಮನೆಯ ನಾಯಿಗೆ ಲಸಿಕೆ, ಸಂತಾನಹರಣ, ಲೈಸೆನ್ಸ್ ಮೂರನ್ನೂ ಪುಕ್ಕಟೆ ಮಾಡಿಕೊಡಬೇಕು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಅಂದು ಪಶು ಆಸ್ಪತ್ರೆಯಲ್ಲಿ ಉಚಿತ ಲಸಿಕೆ ಎಂದು ಬ್ಯಾನರ್ ಕಟ್ಟಿ ಕೂರುವ ಬದಲು, ಲಸಿಕೆಯ ಪೆಟ್ಟಿಗೆಯೇ ಹೊಂಗಸಂದ್ರದ ಗಲ್ಲಿಗಳಿಗೆ ಬರಲಿ. ಹೊಸೂರು ರಸ್ತೆಯ ಕಂಪನಿಗಳು ಆ ಪೆಟ್ಟಿಗೆ ಹೊರಲು ಜನರನ್ನೂ ಹಣವನ್ನೂ ಕೊಡಲಿ.