ಟೊಳ್ಳೇ ಗಟ್ಟಿ

"ಪ್ಲೈವುಡ್ ಗಿಟಾರಿಗೆ ನಲವತ್ತು ಸಾವಿರ ಸುರಿಯೋ ಬದಲು ಒಂದು ಬೀರು ಮಾಡಿಸ್ಕೊಳ್ಳೋಕೆ ಹೇಳ್ರೀ ಆ ಹುಡುಗನಿಗೆ, ಬಟ್ಟೆನಾದ್ರೂ ಇಡಬಹುದು" ಅಂತ ಅಡ್ಯಾರಿನ ಗೆಳೆಯರೊಬ್ಬರು ಫೋನಿನಲ್ಲಿ ಹೇಳಿ ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ಯಾಕಂದ್ರೆ ಆ ಹುಡುಗ ನನ್ನೆದುರಿಗೇ ಕೂತಿದ್ದ. ಅವನಿಗೆ ಕನ್ನಡ ಬರೋಲ್ಲ, ಆದರೆ 'ಪ್ಲೈವುಡ್' ಅನ್ನೋ ಪದಕ್ಕೆ ಭಾಷೆ ಬೇಕಿಲ್ಲವಲ್ಲ. "ವೇಂಡಾಮಾ ಸಾರ್?" ಅಂದ. ಬೇಡವಾ ಸಾರ್?

ಹುಡುಗ ನಮ್ಮ ಪಕ್ಕದ ಬೀದಿಯವನು. ಅಪ್ಪ ಎಣ್ಣೂರು ಅಳಿವೆಯಲ್ಲಿ ಮೀನು ಹಿಡಿಯೋರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಎಣ್ಣೆ ಹರಿದು ಬಂತಲ್ಲ, ಆಗ ದೋಣಿಗೂ ಬಲೆಗೂ ಟಾರು ಬಳಿದ ಹಾಗಾಗಿತ್ತು. ಇವನು ಗಿಟಾರಿಗೆಂದು ಕೂಡಿಟ್ಟ ದುಡ್ಡು ಬಲೆಗೆ ಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿ, ಗುತ್ತಿಗೆ ಕೆಲಸದಲ್ಲಿ ಉಳಿಸಿ ಉಳಿಸಿ 40,000 ಆಗಿದೆ. ಭಾನುವಾರ ಚರ್ಚಿನಲ್ಲಿ ನುಡಿಸುತ್ತಾನೆ, ಮುಹೂರ್ತದ ದಿನಗಳಲ್ಲಿ ಒಂದು ಲೈಟ್ ಮ್ಯೂಸಿಕ್ ಟ್ರೂಪಿನ ಜೊತೆ ಹೋಗುತ್ತಾನೆ. ಇಷ್ಟು ದಿನ ಎರವಲು ಗಿಟಾರು. ಈಗ ಅವನಿಗೆ ಬೇಕಿರೋದು ಹಾಲೋ ಬಾಡಿ ಎಲೆಕ್ಟ್ರಿಕ್ ಗಿಟಾರ್. ಅಂದರೆ ಪಿಟೀಲಿನ ಥರ ಎರಡು ಕಡೆ 'ಎಫ್' ಆಕಾರದ ತೂತು, ಒಳಗೆ ಟೊಳ್ಳು, ಮೇಲೆ ಪಿಕಪ್. ಆ ದುಂಡನೆಯ, ಬೆಚ್ಚಗಿನ ನಾದ ಒಮ್ಮೆ ಕಿವಿಗೆ ಹಿಡಿದರೆ ಬಿಡೋಲ್ಲ. ಹುಡುಗನಿಗೆ ಹಿಡಿದಿದೆ.

ಗೆಳೆಯರು ಸಂಗೀತ ಗೊತ್ತಿದ್ದವರು, ಮನೆಯಲ್ಲಿ ಎಸಿ ರೂಮಿನಲ್ಲಿ ಐದಾರು ಗಿಟಾರ್ ಇಟ್ಟವರು. ಅವರ ವಾದ ಇಷ್ಟು: ಅಗ್ಗದ ಹಾಲೋ ಬಾಡಿ ಅಂದ್ರೆ ಪ್ಲೈ, ಪ್ಲೈ ಅಂದ್ರೆ ಟೀ ಪೆಟ್ಟಿಗೆ, ತಗೊಂಡರೆ ಗಟ್ಟಿ ಮರದ 'ಒರಿಜಿನಲ್' ತಗೋಬೇಕು, ಅದಕ್ಕೆ ದುಡ್ಡಿಲ್ಲದಿದ್ದರೆ ಇನ್ನೊಂದು ಐದು ವರ್ಷ ಕಾಯಬೇಕು, ಕಾಯೋಕಾಗದವರು ಸಾಲಿಡ್ ಬಾಡಿ ತಗೊಂಡು ಸುಮ್ಮನಿರಬೇಕು. ಈ ಮಾತನ್ನ ಅವರೊಬ್ಬರೇ ಹೇಳ್ತಾರೆ ಅಂದ್ಕೋಬೇಡಿ. ಗಿಟಾರ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಹೇಳೋದು ಇದನ್ನೇ.

ಸ್ವಾಮೀ, ಆ ಒರಿಜಿನಲ್ ಯಾವುದು ಅಂತ ಸ್ವಲ್ಪ ನೋಡೋಣ. ಗಿಬ್ಸನ್ ಕಂಪನಿ 1936ರಲ್ಲಿ ಇಎಸ್-150 ತಂದಾಗ ಅದರ ಮೇಲ್ಪದರ ಗಟ್ಟಿ ಸ್ಪ್ರೂಸ್ ಮರದ್ದೇ, ನಿಜ. ಚಾರ್ಲಿ ಕ್ರಿಶ್ಚಿಯನ್ ನುಡಿಸಿದ್ದು ಅದನ್ನೇ. ಆದರೆ 1949ರಲ್ಲಿ ಅದೇ ಕಂಪನಿ ಇಎಸ್-175 ತಂದಿತು. ಹೆಸರಿನಲ್ಲಿರೋ 175 ಆಗಿನ ಅದರ ಬೆಲೆ, ಡಾಲರ್ ಲೆಕ್ಕದಲ್ಲಿ. ಅದರ ಮೇಲ್ಪದರ ಏನು ಗೊತ್ತೇ? ಮೇಪಲ್ ಪ್ಲೈ. ಹಾಳೆಗಳನ್ನು ಅಂಟಿಸಿ, ಅಚ್ಚಿನಲ್ಲಿ ಒತ್ತಿ ಬಗ್ಗಿಸಿದ್ದು. ಖರ್ಚೂ ಕಡಿಮೆ, ಆ್ಯಂಪ್ ಮುಂದೆ ನಿಂತಾಗ ಊಳಿಡೋದೂ ಕಡಿಮೆ. ಜಿಮ್ ಹಾಲ್, ಜೋ ಪಾಸ್, ಪ್ಯಾಟ್ ಮೆಥೆನಿ ಎಲ್ಲರೂ ಹೆಸರು ಮಾಡಿದ್ದು ಆ ಗಿಟಾರಿನಲ್ಲಿ. 1958ರ ಇಎಸ್-335? ಪ್ಲೈ. 1961ರ ಎಪಿಫೋನ್ ಕಸೀನೋ, ಬೀಟಲ್ಸ್‌ನ ಮೂವರೂ ಇಟ್ಕೊಂಡಿದ್ದರಲ್ಲ ಅದು? ಅದೂ ಪ್ಲೈ. ನೀವು "ಹಾಲೋ ಬಾಡಿಯ ನಾದ" ಅಂತ ಕಣ್ಮುಚ್ಚಿ ಕೇಳೋದರಲ್ಲಿ ಮುಕ್ಕಾಲು ಪಾಲು ಟೀ ಪೆಟ್ಟಿಗೆಯದೇ!

ನಮಗೆ ಈ ಗಟ್ಟಿ ಮರದ ಭಕ್ತಿ ಬಂದಿರೋದು ವೀಣೆಯಿಂದ ಇರಬೇಕು. ತಂಜಾವೂರಿನಲ್ಲಿ ಒಂದೇ ಹಲಸಿನ ದಿಮ್ಮಿಯಲ್ಲಿ ಕೊರೆದ ಏಕಾಂಡ ವೀಣೆಗೆ ಇರೋ ಮರ್ಯಾದೆಯೇ ಬೇರೆ. ಇರಲಿ, ಬೇಡ ಅಂದೋರು ಯಾರು? ಆದರೆ ವೀಣೆಯ ಪಕ್ಕದಲ್ಲಿ ಸ್ಪೀಕರ್ ಇಟ್ಟು ಡ್ರಮ್ಸ್ ಬಾರಿಸೋರು ಯಾರೂ ಇಲ್ಲ. ಈ ಗಿಟಾರ್ ಹುಟ್ಟಿದ್ದೇ ಆ ಗಲಾಟೆಯಲ್ಲಿ ಬದುಕೋಕೆ.

ಇನ್ನು ಎಣ್ಣೂರಿನ ವಿಷಯ. ಗಟ್ಟಿ ಮರದ ತೆಳು ಹಲಗೆ ತೇವ ಕುಡಿದರೆ ಎಳೆಗೆ ಅಡ್ಡಲಾಗಿ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಪ್ಲೈನಲ್ಲಿ ಒಂದು ಹಾಳೆಯ ಎಳೆ ಉದ್ದಕ್ಕಿದ್ದರೆ ಇನ್ನೊಂದರದು ಅಡ್ಡಕ್ಕೆ, ಹಾಗಾಗಿ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಗಿಟಾರ್ ಮಾಡುವವರು ಹೇಳೋದು ಗಾಳಿಯಲ್ಲಿ ತೇವಾಂಶ ಶೇಕಡಾ 45ರಿಂದ 55 ಇದ್ದರೆ ಒಳ್ಳೆಯದು ಅಂತ. ಇಲ್ಲಿ ಸಮುದ್ರದ ಪಕ್ಕ ಅಷ್ಟಕ್ಕೆ ಇಳಿಯೋ ದಿನ ಹುಡುಕಬೇಕು! ಜೊತೆಗೆ ಉಪ್ಪು. ಜೊತೆಗೆ ಬೂದಿ (ಎಣ್ಣೂರಿನ ಹಳೇ ವಿದ್ಯುತ್ ಸ್ಥಾವರ 2017ರಲ್ಲಿ ಮುಚ್ಚಿತು, ಆದರೆ ಅಳಿವೆಯ ಆಚೆ ದಡದಲ್ಲಿ ಬೇರೆಯವು ಇವೆ). ನಾನೂ ಒಂದು ಕಾಲದಲ್ಲಿ ಇಂಥದೇ ಉಪದೇಶ ಕೇಳಿ ಗಟ್ಟಿ ಮೇಲ್ಪದರದ ಅಕೂಸ್ಟಿಕ್ ತಂದಿದ್ದೆ. ಮೂರನೇ ಮಳೆಗಾಲಕ್ಕೆ ಅದರ ಹೊಟ್ಟೆ ಉಬ್ಬಿ, ಬ್ರಿಡ್ಜಿನ ಹಿಂದೆ ಅಂಟು ಬಿಟ್ಟು, ಕಾಗದ ತೂರುವಷ್ಟು ಸಂದಿ ಬಿದ್ದಿತ್ತು. ತಂತಿ ಎಷ್ಟು ಮೇಲಕ್ಕೆ ಬಂತೆಂದರೆ ಬೆರಳು ಒತ್ತೋದಲ್ಲ, ಬಾವಿ ಹಗ್ಗ ಎಳೆದ ಹಾಗೆ. ಎಸಿ ರೂಮಿನವರಿಗೆ ಇದೆಲ್ಲ ಗೊತ್ತಾಗೋದು ಹೇಗೆ? ಈ ಹುಡುಗನ ಮನೆ ಶೀಟಿನ ಮನೆ. ಅವನಿಗೆ ಪ್ಲೈ ಅನ್ನೋದು ರಾಜಿ ಅಲ್ಲ, ಅದೇ ಸರಿಯಾದ್ದು.

ಮರದ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡ್ತೀನಿ. ಈಚಿನ ಅಗ್ಗದ ಗಿಟಾರುಗಳ ಫ್ರೆಟ್‌ಬೋರ್ಡ್ ಲಾರೆಲ್ ಅಂತ ಬರೆದಿದ್ದರೆ ಮೂಗು ಮುರಿಯೋರಿದ್ದಾರೆ. ರೋಸ್‌ವುಡ್ ಇದ್ರೆ ಮಾತ್ರ ಗಿಟಾರ್ ಅಂತೆ. ರೋಸ್‌ವುಡ್ ಅಂದರೆ ನಮ್ಮ ಬೀಟೆ. ಬ್ರೆಜಿಲಿನ ಮರ ಸಿಗದಂತಾಗಿ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬಂತು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲದ ಮೇಲೆ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧ ಬಿತ್ತು. ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಆ ನಡುವೆ ಎಷ್ಟೋ ಕಂಪನಿಗಳು ಬೇರೆ ಮರಕ್ಕೆ ಹೋದವು. ಎಪಿಫೋನಿನವರು 'ಇಂಡಿಯನ್ ಲಾರೆಲ್' ಅಂತ ಬರೀತಾರೆ. ಇಂಡಿಯನ್ ಲಾರೆಲ್ ಅಂದ್ರೆ ಯಾವುದು ಅಂತೀರಿ? ಮತ್ತಿ! ನಮ್ಮ ಮಲೆನಾಡಿನ ಕರಿಮತ್ತಿ. ಊರಿನ ನಮ್ಮ ಮನೆಯ ತೊಲೆಗಳು ಮತ್ತಿಯವು, ಅಜ್ಜನ ಕಾಲದವು, ಇನ್ನೂ ಜಗ್ಗಿಲ್ಲ. ಅದರ ಮೇಲೆ ಬೆರಳಾಡಿಸಿದರೆ ಯಾರ ರಾಗವೂ ಕೆಡೋಲ್ಲ.

ಎರಡನೇ ಉಪದೇಶ ಕೊಟ್ಟದ್ದು ಒಂದು ಅಂಗಡಿ. ಹುಡುಗನ ಜೊತೆ ರೈಲು ಹತ್ತಿ, ಬಸ್ಸು ಬದಲಿಸಿ ಹೋಗಿದ್ದೆವು (ಅಂಗಡಿಯ ಹೆಸರು ಬೇಡ). ಗೋಡೆಯ ಮೇಲೆ ಎತ್ತರದಲ್ಲಿ ಎರಡು ಹಾಲೋ ಬಾಡಿ ನೇತಾಡ್ತಿದ್ದವು. ಇಳಿಸಿ ಕೊಡಿ ಅಂದರೆ ಅಲ್ಲಿದ್ದವನು ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಿಂದ ತಂಬಿ?" ಅಂದ. ಎಣ್ಣೂರು. "ಅದು ಜಾಝ್ ನುಡಿಸೋರಿಗೆ ತಂಬಿ. ನಿನಗೆ ಈ ಕೆಳಗಿನ ಸಾಲು ಸಾಕು." ಇಳಿಸಲೇ ಇಲ್ಲ. ನಾನು ಜೋರು ಮಾಡಬಹುದಿತ್ತು, ಹುಡುಗ ನನ್ನ ತೋಳು ಹಿಡಿದುಕೊಂಡ.

ಜಾಝ್ ನುಡಿಸೋರಿಗಂತೆ. ಚಕ್ ಬೆರ್ರಿ 1950ರ ದಶಕದಲ್ಲಿ ರಾಕ್ ಅಂಡ್ ರೋಲ್ ನುಡಿಸಿದ್ದು ಇಎಸ್-350ಟಿ ಅನ್ನೋ ಟೊಳ್ಳು ಗಿಟಾರಿನಲ್ಲಿ. ಬ್ಲೂಸ್ ದೊರೆ ಬಿ.ಬಿ. ಕಿಂಗ್ ಅವರ 'ಲೂಸಿಲ್'ಗಳಲ್ಲಿ ಹೆಚ್ಚಿನವು ಎಫ್ ತೂತಿನ ಗಿಬ್ಸನ್‌ಗಳೇ. ಜೋರು ಶಬ್ದಕ್ಕೆ ಅವು ಕೂಗಿಕೊಳ್ಳೋದನ್ನ ತಡೆಯೋಕೆ ಅವರು ತೂತಿಗೆ ಬಟ್ಟೆ ತುರುಕ್ತಿದ್ದರು. ಕೊನೆಗೆ 1980ರಲ್ಲಿ ಗಿಬ್ಸನ್ ಅವರ ಹೆಸರಿನಲ್ಲೇ ತೂತಿಲ್ಲದ್ದೊಂದನ್ನು ಮಾಡಿಕೊಟ್ಟಿತು. ಅಂದರೆ ತೊಂದರೆ ಇದೆ ಅಂತ ಒಪ್ಪಿದ ಹಾಗಾಯ್ತಲ್ಲ ಅಂತೀರಾ? ಒಪ್ಪಿದೆ. ಆ್ಯಂಪಿಗೆ ಮುಖ ಮಾಡಿ, ವಾಲ್ಯೂಮ್ ಏರಿಸಿ ನಿಂತರೆ ಹಾಲೋ ಬಾಡಿ ಊಳಿಡೋದು ಖಂಡಿತ. ಚರ್ಚಿನಲ್ಲಿ ಆ ಪ್ರಶ್ನೆ ಬರೋಲ್ಲ. ಮದುವೆ ಮಂಟಪದಲ್ಲಿ ಸ್ಪೀಕರಿಗೆ ಬೆನ್ನು ಮಾಡಿ ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಬೇಕು, ತೂತಿಗೆ ಸ್ಪಾಂಜ್ ತುರುಕಬೇಕು. ಇಪ್ಪತ್ತು ರೂಪಾಯಿ ಸ್ಪಾಂಜು!

ಮೋಸ ಆಗೋದು ಬೇರೆ ಕಡೆ. ಎಫ್ ತೂತು ಕಂಡದ್ದೆಲ್ಲ ಹಾಲೋ ಅಲ್ಲ. ಇಎಸ್-335 ಮಾದರಿಯವುಗಳ ನಡುವೆ ಉದ್ದಕ್ಕೂ ಒಂದು ಮರದ ದಿಮ್ಮಿ ಇರುತ್ತೆ. ಅದು ಸೆಮಿ ಹಾಲೋ. ಎಪಿಫೋನಿನ ಡಾಟ್ (ಈಗ ಇಎಸ್-335 ಅಂತಲೇ ಮಾರ್ತಾರೆ), ಐಬನೆಜ್ ಎಎಸ್73, ಗ್ರೆಟ್ಶ್ ಸ್ಟ್ರೀಮ್‌ಲೈನರಿನಲ್ಲಿ ಜಿ2622, ಇವೆಲ್ಲ ಆ ಜಾತಿ. ಒಳ್ಳೆಯವೇ, ಊಳಿಡೋದೂ ಕಡಿಮೆ, ಆದರೆ ಭಾರ, ಮತ್ತು ಆ ಟೊಳ್ಳಿನ ನಾದ ಅರ್ಧ. ಪೂರ್ತಿ ಟೊಳ್ಳು ಬೇಕಾದರೆ ಐಬನೆಜ್ ಆರ್ಟ್‌ಕೋರ್ ಸಾಲಿನ (2002ರಲ್ಲಿ ಚೀನಾದಲ್ಲಿ ಮಾಡಿಸೋಕೆ ಶುರು ಮಾಡಿದ್ದು) ಎಎಫ್55, ಎಎಫ್75, ಗ್ರೆಟ್ಶ್ ಜಿ2420, ಕೈ ಇನ್ನೂ ಸ್ವಲ್ಪ ಸಡಿಲ ಇದ್ದರೆ ಕಸೀನೋ. ಮಾರುವವರು ಎರಡನ್ನೂ ಒಂದೇ ಉಸಿರಲ್ಲಿ 'ಹಾಲೋ ಸಾರ್' ಅಂತಾರೆ. ತೂತಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ನಡುವೆ ಗೋಡೆ ಕಂಡರೆ ಸೆಮಿ.

ಪೂರ್ತಿ ಟೊಳ್ಳಿಗೆ ನಾನು ಹಠ ಹಿಡಿದದ್ದಕ್ಕೆ ಒಂದು ಬಡ ಕಾರಣವೂ ಇದೆ. ಪ್ಲಗ್ ಹಾಕದೇ ನುಡಿಸಿದರೂ ಅದು ಒಂದು ಕೋಣೆಗೆ ಕೇಳುತ್ತೆ. ಆ್ಯಂಪ್ ಕೊಳ್ಳೋದು ಆರು ತಿಂಗಳು ತಡವಾದರೂ ಅಭ್ಯಾಸ ನಿಲ್ಲೋಲ್ಲ. ಕರೆಂಟ್ ಹೋದರೂ ನಿಲ್ಲೋಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಅಮ್ಮ ಮಲಗಿದ್ದರೆ ಪಕ್ಕದ ಗೋಡೆಯಾಚೆ ಹೋಗೋಲ್ಲ. 'ಸಾಲಿಡ್ ಬಾಡಿ ತಗೊಂಡು ಸುಮ್ಮನಿರಲಿ' ಅಂದವರು ಗಿಟಾರಿನ ಬೆಲೆ ಮಾತ್ರ ಲೆಕ್ಕ ಹಾಕಿದ್ದಾರೆ, ಅದಕ್ಕೆ ದನಿ ಕೊಡೋ ಪೆಟ್ಟಿಗೆಯ ಬೆಲೆ ಹಾಕಿಲ್ಲ.

ಕೊನೆಗೆ ತಗೊಂಡದ್ದು ಸೆಕೆಂಡ್ ಹ್ಯಾಂಡ್ ಎಎಫ್75, ಪೆರಂಬೂರಿನಲ್ಲಿ. ನಿವೃತ್ತ ರೈಲ್ವೆಯವರೊಬ್ಬರ ಮಗ ವಿದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದು. ಆ ಮನೆಯಲ್ಲಿ "ಕೂತ್ಕೊಂಡು ನಿಧಾನವಾಗಿ ನೋಡಪ್ಪ" ಅಂದು ಕಾಫಿ ಕೊಟ್ಟರು. ಮುಕ್ಕಾಲು ಗಂಟೆ ನೋಡಿದೆವು. ಬೆರಳ ಗೆಣ್ಣಿನಿಂದ ಸುತ್ತ ತಟ್ಟಿದಾಗ ಎಲ್ಲೂ ಗರಗರ ಅನ್ನಲಿಲ್ಲ, ಅಂದರೆ ಒಳಗಿನ ಪಟ್ಟಿ ಬಿಟ್ಟಿಲ್ಲ. ಕತ್ತು ನೇರ. ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರಕ್ಕೂ ಅಲ್ಲೇ ಮುಟ್ಟಿ ಬಿಟ್ಟ ಸ್ವರಕ್ಕೂ ಕೊಂಚ ವ್ಯತ್ಯಾಸ ಇತ್ತು, ಅದು ಬ್ರಿಡ್ಜ್ ಹೊಂದಿಸಿದರೆ ಸರಿಹೋಗೋದು. ವಾಲ್ಯೂಮ್ ಗುಬ್ಬಿ ತಿರುಗಿಸಿದರೆ ಕರಕರ. ಇದೊಂದು ಗಂಭೀರ. ಯಾಕಂದ್ರೆ ಹಾಲೋ ಬಾಡಿಗೆ ಹಿಂದೆ ಮುಚ್ಚಳ ಇರೋಲ್ಲ. ಗುಬ್ಬಿ, ವೈರು, ಜಾಕ್ ಏನೇ ಕೆಟ್ಟರೂ ಎಫ್ ತೂತಿನಿಂದಲೇ ಹೊರಗೆಳೆದು, ದಾರ ಕಟ್ಟಿ, ಮತ್ತೆ ಅದೇ ತೂತಿನಿಂದ ಒಳಗೆ ಮೀನು ಹಿಡಿದ ಹಾಗೆ ಕೂರಿಸಬೇಕು. ರಿಪೇರಿಯವರು ಇದಕ್ಕೇ ಜಾಸ್ತಿ ಕೇಳೋದು. ಉಪ್ಪು ಗಾಳಿಯ ಊರಿನಲ್ಲಿ ಮೊದಲು ಸಾಯೋದೂ ಇವೇ. ಅದನ್ನು ತೋರಿಸಿ ಎರಡು ಸಾವಿರ ಇಳಿಸಿ ಅಂದೆವು, ಅವರು ಮೂರು ಇಳಿಸಿದರು.

26,000ಕ್ಕೆ ಗಿಟಾರ್ ಬಂತು. 2,500 ಸೆಟಪ್ಪಿಗೆ: ಫ್ರೆಟ್ ಸಮ ಮಾಡಿಸಿ, ನಟ್ಟಿನ ಗೀರು ತಗ್ಗಿಸಿ, ಹೊಸ ತಂತಿ. ಇದನ್ನು ಯಾರೂ ಬಜೆಟ್ಟಿನಲ್ಲಿ ಸೇರಿಸೋಲ್ಲ. ಹೆಡ್‌ಸ್ಟಾಕಿನ ಹೆಸರಿಗೆ ಹತ್ತು ಸಾವಿರ ಜಾಸ್ತಿ ಕೊಡ್ತಾರೆ, ಕೈಗೆ ಹಗುರಾಗಿಸೋ ಎರಡೂವರೆ ಸಾವಿರಕ್ಕೆ ಗೊಣಗ್ತಾರೆ. ಸೆಟಪ್ ಆಗಿ ಬಂದ ದಿನ ಹುಡುಗ ನುಡಿಸಿ ನೋಡಿ, "ಇದು ಬೇರೆ ಗಿಟಾರ್ ಸಾರ್" ಅಂದ. ಮಿಕ್ಕ ದುಡ್ಡಿನಲ್ಲಿ ಒಂದು ಚಿಕ್ಕ ಆ್ಯಂಪ್, ದಪ್ಪ ಬ್ಯಾಗು, ಅದರೊಳಗೆ ಹಾಕೋ ಸಿಲಿಕಾ ಚೀಲಗಳು.

ಮೊದಲ ವಾರವೇ ಜಾಕ್ ಒಳಕ್ಕೆ ಜಾರಿ ಬಿತ್ತು. ನಾನು ರಿಪೇರಿಗೆ ಒಯ್ಯೋಣ ಅಂದೆ. ಹುಡುಗನ ಅಪ್ಪ ಬಂದು, ಎಫ್ ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿ, ಬಲೆಯ ನೈಲಾನ್ ದಾರ ಕೇಳಿದರು. ಹತ್ತು ನಿಮಿಷ ಹಿಡಿಯಿತು. ಈಗ ಆ ದಾರದ ಒಂದು ತುಂಡು ಗಿಟಾರ್ ಬ್ಯಾಗಿನ ಜೇಬಿನಲ್ಲೇ ಇದೆ. ಅಡ್ಯಾರಿನ ಗೆಳೆಯರಿಗೆ ಮುಂದಿನ ಭಾನುವಾರ ಚರ್ಚಿಗೆ ಬನ್ನಿ ಅಂದಿದ್ದೀನಿ; ಪ್ಲೈ ಅಂತ ಮೊದಲೇ ಹೇಳಿಬಿಟ್ಟಿರೋದೇ ತಪ್ಪಾಯ್ತೇನೋ.